ಆರ್‌ಆರ್73 ಬಂದ ಮೇಲೂ 73 ಕಳಿಸಬೇಕಾ? ಡಿಜಿಟಲ್ ಮೋಡ್‌ಗಳಲ್ಲಿ ಮಾತು ಮುಗಿಸುವ ಕ್ರಮ

ಕಿರುತರಂಗ

ಹವ್ಯಾಸಿ ರೇಡಿಯೋದಲ್ಲಿ ಕಂಪ್ಯೂಟರ್ ಮೂಲಕ ಸರದಿಯಂತೆ ಗಿಡ್ಡ ಸಂದೇಶ ಕಳಿಸುವ ಎಫ್‌ಟಿ8 ಮೋಡ್‌ನಲ್ಲಿ ಸಂಪರ್ಕವನ್ನು ಒಬ್ಬೊಬ್ಬರು ಒಂದೊಂದು ರೀತಿ ಮುಗಿಸುತ್ತಾರೆ. ಕೆಲವರು ಆರ್‌ಆರ್‌ಆರ್ (ಎಲ್ಲ ಸಿಕ್ಕಿತು) ಹಾಕಿ, ನಮ್ಮ 73 (ವಿದಾಯದ ಶುಭಾಶಯ) ಬರುವ ತನಕ ಅದನ್ನೇ ಕಳಿಸುತ್ತಾ ಕೂರುತ್ತಾರೆ. ಕೆಲವರು ಎರಡನ್ನೂ ಸೇರಿಸಿದ ಆರ್‌ಆರ್73 ಒಂದು ಸಲ ಹಾಕಿ ಮುಂದಿನ ಸರದಿಗೇ ಸಿಕ್ಯೂ (ಯಾರಾದರೂ ಬನ್ನಿ ಎಂಬ ಕರೆ) ಶುರು ಮಾಡುತ್ತಾರೆ. ಇನ್ನು ಕೆಲವರಿಗೆ ನಾವು 73 ಕೊಟ್ಟರೆ ಅವರೂ 73, ನಾವು ಮತ್ತೆ ಕೊಟ್ಟರೆ ಅವರೂ ಮತ್ತೆ.

ಸಂಪರ್ಕ ಯಾವ ಹಂತದಲ್ಲಿ ಪೂರ್ತಿ ಆಯಿತು ಅಂತ ಲೆಕ್ಕ? ಲಾಗ್ ಮಾಡುವುದು (ದಾಖಲೆಗೆ ಬರೆಯುವುದು) ಯಾವಾಗ? ಪಿಎಸ್‌ಕೆ31, ಆರ್‌ಟಿಟಿವೈ (ರೇಡಿಯೋ ಟೆಲಿಪ್ರಿಂಟರ್) ಎಂಬ ಬೇರೆ ಡಿಜಿಟಲ್ ಮೋಡ್‌ಗಳಲ್ಲೂ ಇದೇ ಕ್ರಮವಾ? ತಿಳಿದವರು ವಿವರವಾಗಿ ಬರೆದರೆ ಉಪಕಾರ.

ಜಲಪಾತವೀಕ್ಷಕ

ಸಂಪರ್ಕ ಪೂರ್ತಿಯಾಗುವುದು 73ರಿಂದಲ್ಲ, ಆರ್‌ನಿಂದ, ಅಂದರೆ "ಸಿಕ್ಕಿತು" ಎಂಬ ಮಾತಿನಿಂದ. ಇಬ್ಬರ ಕಾಲ್‌ಸೈನ್ (ಸ್ಟೇಷನ್‌ನ ಗುರುತು) ಇಬ್ಬರಿಗೂ ಸಿಕ್ಕಿರಬೇಕು, ಇಬ್ಬರ ಸಿಗ್ನಲ್ ವರದಿ ಇಬ್ಬರಿಗೂ ಸಿಕ್ಕಿರಬೇಕು, "ಸಿಕ್ಕಿತು" ಎಂಬ ಮಾತೂ ಇಬ್ಬರಿಗೂ ತಲುಪಿರಬೇಕು. ಅಷ್ಟೇ. ಸಾಲುಸಾಲಾಗಿ ನೋಡಿ (ಎಫ್‌ಎನ್42, ಐಓ91 ಅವರವರ ಜಾಗದ ಗ್ರಿಡ್ ಗುರುತು; −19, −22 ಡೆಸಿಬೆಲ್‌ನಲ್ಲಿ ಸಿಗ್ನಲ್ ವರದಿ):

1. ಸಿಕ್ಯೂ ಕೆ1ಎಬಿಸಿ ಎಫ್‌ಎನ್42
2. ಕೆ1ಎಬಿಸಿ ಜಿ0ಎಕ್ಸ್‌ವೈಝಡ್ ಐಓ91
3. ಜಿ0ಎಕ್ಸ್‌ವೈಝಡ್ ಕೆ1ಎಬಿಸಿ −19
4. ಕೆ1ಎಬಿಸಿ ಜಿ0ಎಕ್ಸ್‌ವೈಝಡ್ ಆರ್−22
5. ಜಿ0ಎಕ್ಸ್‌ವೈಝಡ್ ಕೆ1ಎಬಿಸಿ ಆರ್‌ಆರ್‌ಆರ್
6. ಕೆ1ಎಬಿಸಿ ಜಿ0ಎಕ್ಸ್‌ವೈಝಡ್ 73

4ನೇ ಸಾಲು ಡಿಕೋಡ್ ಆದ (ಪ್ರೋಗ್ರಾಂ ಅದನ್ನು ಓದಿಕೊಂಡ) ಕ್ಷಣಕ್ಕೆ ಸಿಕ್ಯೂ ಕೂಗಿದವರಿಗೆ ಬೇಕಾದ್ದೆಲ್ಲ ಸಿಕ್ಕಿತು: ತಮ್ಮ ವರದಿ, ಜೊತೆಗೊಂದು ಆರ್. ಉತ್ತರ ಕೊಟ್ಟವರಿಗೆ ಎಲ್ಲ ಸಿಗುವುದು 5ನೇ ಸಾಲು ಡಿಕೋಡ್ ಆದಾಗ. ಹಾಗಾದರೆ 6ನೇ ಸಾಲಿಗೆ ಏನು ಕೆಲಸ? "ನಿನ್ನ 5ನೇ ಸಾಲು ಬಂತು, ಇನ್ನು ಕಳಿಸಬೇಡ" ಅಂತ ಹೇಳುವುದೊಂದೇ. ಶುಭಾಶಯ ಅದರ ಮೇಲಿನ ಹೊದಿಕೆ.

ಆರ್‌ಆರ್‌ಆರ್ ಹಾಕುವವರು ಆ 6ನೇ ಸಾಲಿಗೆ ಕಾಯುತ್ತಾರೆ. ಆರ್‌ಆರ್73 ಹಾಕುವವರು "ನಿಮ್ಮ ಉತ್ತರಕ್ಕೆ ನಾನು ಕಾಯುವುದಿಲ್ಲ" ಅನ್ನುತ್ತಿದ್ದಾರೆ. ಅದಕ್ಕೇ ಎಫ್‌ಟಿ8 ನಡೆಸುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಪ್ರೋಗ್ರಾಂನ ಕೈಪಿಡಿಯಲ್ಲಿ ಮತ್ತೆ ಕಳಿಸುವ ಅಗತ್ಯ ಬರುವುದಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಆರ್‌ಆರ್73 ಬಳಸಿ ಎಂದಿರುವುದು. ಯಾವುದು ಬೇಕೋ ಅದನ್ನು ಆರಿಸಲು ಟಿಎಕ್ಸ್4 (ನಾಲ್ಕನೇ ಸಿದ್ಧ ಸಂದೇಶ) ಗುಂಡಿಯ ಮೇಲೆ ಡಬಲ್ ಕ್ಲಿಕ್ ಮಾಡಿ. ಆರ್‌ಆರ್‌ಆರ್ ಇದ್ದದ್ದು ಆರ್‌ಆರ್73 ಆಗುತ್ತದೆ, ಮತ್ತೆ ಮಾಡಿದರೆ ಮೊದಲಿನಂತೆ.

ಅಯಾನಗೋಳ

ತತ್ವ ಸರಿ ಸರ್, ಆದರೆ ಇವತ್ತಿನ ತುಂಬಿದ ಬ್ಯಾಂಡ್‌ನಲ್ಲಿ ಆರ್‌ಆರ್‌ಆರ್ ಅಂದರೆ ಜಾಗ ಹಾಳು. ಎಫ್‌ಟಿ8 ಸರದಿ 15 ಸೆಕೆಂಡ್, ಅದರಲ್ಲಿ 12.64 ಸೆಕೆಂಡ್ ಪ್ರಸಾರ. ಆರ್‌ಆರ್‌ಆರ್ ಹಾಕಿದವರು ಎದುರಿನವರ 73ಕ್ಕೆ ತಾವೂ ಒಂದು 73 ಕೊಡುವುದು ರೂಢಿ. ಅಂದರೆ ಸಿಕ್ಯೂಗೆ ಮರಳಲು ಒಂದು ಸರದಿ ಹೆಚ್ಚು, ಸಂಪರ್ಕಕ್ಕೆ 30 ಸೆಕೆಂಡ್ ನಷ್ಟ.

ಈ ಆರ್‌ಆರ್‌ಆರ್ ಅಭ್ಯಾಸ ಬಂದಿದ್ದೇ ಚಂದ್ರನಿಂದ ಪ್ರತಿಫಲಿಸುವ ಸಂಪರ್ಕ, ಉಲ್ಕಾ ಸಂಪರ್ಕಗಳಿಂದ. ಜೆಟಿ65 ಎಂಬ ಮೋಡ್‌ನಲ್ಲಿ ಆರ್‌ಓ (ವರದಿ ಜೊತೆಗೊಂದು ಆರ್), ಆರ್‌ಆರ್‌ಆರ್, 73 ಈ ಮೂರಕ್ಕೂ ಪ್ರತ್ಯೇಕ ಸ್ವರಜೋಡಿಗಳೇ ಇದ್ದವು. ಇಡೀ ಸಂದೇಶ ಡಿಕೋಡ್ ಆಗದಷ್ಟು ಕ್ಷೀಣವಿದ್ದರೂ ಜಲಪಾತದ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಪರದೆ) ಮೇಲೆ ಕಣ್ಣಲ್ಲೇ ಗುರುತಿಸಬಹುದಿತ್ತು. ಒಂದೊಂದು ಸರದಿ ಒಂದು ನಿಮಿಷ ಇರುವಲ್ಲಿ ಅಂಥ ಖಚಿತತೆಗೆ ಅರ್ಥವಿದೆ. −5 ವರದಿ ಇರುವ ಎಚ್‌ಎಫ್ (ಶಾರ್ಟ್‌ವೇವ್) ಸಂಪರ್ಕಕ್ಕೆ ಯಾಕೆ?

ಜಲಪಾತವೀಕ್ಷಕ

−5ಕ್ಕೆ ಬೇಡ, ಒಪ್ಪುತ್ತೇನೆ. ಎಫ್‌ಟಿ8 ಡಿಕೋಡ್ ಆಗುವ ಮಿತಿ 2500 ಹರ್ಟ್ಜ್ ಅಗಲದ ಲೆಕ್ಕದಲ್ಲಿ −21 ಡೆಸಿಬೆಲ್ ಆಸುಪಾಸು. ಆದ್ದರಿಂದ ವರದಿ −15ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಆರ್‌ಆರ್73. −18, −20 ಅಂತ ಅಲ್ಲಲ್ಲೇ ಏರಿಳಿತ ಇದ್ದರೆ ಆರ್‌ಆರ್‌ಆರ್. ನೋಡಬೇಕಾದ್ದು ಅವರು ನಿಮಗೆ ಕೊಟ್ಟ ವರದಿಯನ್ನು, ನೀವು ಕೊಟ್ಟದ್ದನ್ನಲ್ಲ! ನಿಮ್ಮ ಆರ್‌ಆರ್73 ಅವರಿಗೆ ಮುಟ್ಟುತ್ತದಾ ಅನ್ನುವುದು ಅವರ ಕಡೆಯ ಗದ್ದಲದ ಮೇಲೆ ನಿಂತಿದೆ. ಇದನ್ನು ಬಹಳ ಜನ ತಿರುಗುಮುರುಗು ಮಾಡಿಕೊಳ್ಳುತ್ತಾರೆ.

ಇನ್ನು 73ಕ್ಕೆ 73, ಅದಕ್ಕೆ ಮತ್ತೆ 73 — ಇದು ಫೋನ್‌ನಲ್ಲಿ "ಇಡ್ಲಾ?" "ಹ್ಞೂಂ, ಇಡಿ" ಅಂತ ಇಬ್ಬರೂ ಇಡದೇ ಇರುವ ಹಾಗೆ. ಯಾರ ಕಡೆಯಿಂದಾದರೂ ಒಂದು 73 ಕಂಡಿತೆಂದರೆ ಸಾಕು, ಪ್ರಸಾರ ನಿಲ್ಲಿಸಿ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ 73 ಕಳಿಸಿದ ಮೇಲೆ ಪ್ರಸಾರ ನಿಲ್ಲಿಸುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ. ಅದೇ ಪುಟದಲ್ಲಿರುವ ವಾಚ್‌ಡಾಗ್ (ತಾನೇ ಪ್ರಸಾರ ನಿಲ್ಲಿಸುವ ಕಾವಲು) 6 ನಿಮಿಷಕ್ಕೆ ಇರುತ್ತದೆ, ಅದನ್ನು ಏರಿಸುವ ಗೋಜಿಗೆ ಹೋಗಬೇಡಿ. ಮನುಷ್ಯ ಎದ್ದುಹೋದ ಸ್ಟೇಷನ್ ಗಂಟೆಗಟ್ಟಲೆ ಕೂಗುತ್ತಿರುವುದಕ್ಕಿಂತ ದೊಡ್ಡ ಅಸಭ್ಯತೆ ಈ ಮೋಡ್‌ನಲ್ಲಿ ಇಲ್ಲ.

ಐದುವ್ಯಾಟ್

ಲಾಗ್ ವಿಷಯ: ರಿಪೋರ್ಟಿಂಗ್ ಪುಟದಲ್ಲಿ ಲಾಗ್ ಮಾಡಲು ನೆನಪಿಸುವ ಆಯ್ಕೆ ಇದೆ. ಅದನ್ನು ಹಾಕಿದ್ದರೆ ನೀವು ಆರ್‌ಆರ್73 ಅಥವಾ 73 ಕಳಿಸುವಾಗ ಕಿಟಕಿ ತೆರೆದುಕೊಳ್ಳುತ್ತದೆ. ಆಗಲೇ ಓಕೆ ಒತ್ತಿ ಮರೆತುಬಿಡಬೇಡಿ, ಮುಂದಿನ ಒಂದು ಸರದಿ ನೋಡಿ. ಎದುರಿನವರಿಂದ ಮತ್ತೆ ಆರ್−22 ಬಂದರೆ ನಿಮ್ಮ ಆರ್‌ಆರ್73 ಅವರಿಗೆ ತಲುಪಿಲ್ಲ ಎಂದೇ ಅರ್ಥ. ಆಗ ಮಾಡಬೇಕಾದ್ದು:

ಆ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಪ್ರೋಗ್ರಾಂ ತಾನೇ ಟಿಎಕ್ಸ್4ಕ್ಕೆ ಹೋಗುತ್ತದೆ. ಎನೇಬಲ್ ಟಿಎಕ್ಸ್ ಕೆಂಪಾಗಿದೆಯಾ ನೋಡಿ. ಸರದಿ ಶುರುವಾಗಿ ಒಂದೆರಡು ಸೆಕೆಂಡ್ ಕಳೆದಿದ್ದರೂ ಪರವಾಗಿಲ್ಲ, ಹೋಗಲಿ. ತಡವಾಗಿ ಶುರುವಾದದ್ದೂ ಸಾಮಾನ್ಯವಾಗಿ ಡಿಕೋಡ್ ಆಗುತ್ತದೆ.

ಈ ಹೊತ್ತಿಗೆ ನಿಮ್ಮ ಸಿಕ್ಯೂಗೆ ಇನ್ನೊಬ್ಬರು ಉತ್ತರ ಕೊಟ್ಟಿರಬಹುದು. ಆದರೂ ಮೊದಲು ಹಳಬರಿಗೆ ಆರ್‌ಆರ್73 ಕೊಟ್ಟು, ಆಮೇಲೆ ಹೊಸಬರತ್ತ ತಿರುಗಿ. ಹೊಸಬರು 30 ಸೆಕೆಂಡ್ ಕಾಯುತ್ತಾರೆ. ಹಳಬರನ್ನು ಬಿಟ್ಟರೆ ನಿಮ್ಮ ಲಾಗ್‌ನಲ್ಲಿ ಅವರಿದ್ದಾರೆ, ಅವರ ಲಾಗ್‌ನಲ್ಲಿ ನೀವಿಲ್ಲ.

ಕಿರುತರಂಗ

ಉಲ್ಟಾ ಪರಿಸ್ಥಿತಿ? ನಾನು ಆರ್−22 ಕಳಿಸಿದೆ, ಅವರ ಆರ್‌ಆರ್73 ನನಗೆ ಡಿಕೋಡ್ ಆಗಲಿಲ್ಲ, ನೇರವಾಗಿ ಅವರ ಸಿಕ್ಯೂ ಕಾಣಿಸಿತು ಅಂದುಕೊಳ್ಳಿ.

ಐದುವ್ಯಾಟ್

ಅದೇ ಆರ್−22 ಇನ್ನೆರಡು ಸಲ ಕಳಿಸಿ. ಪದ್ಧತಿ ತಿಳಿದವರಾದರೆ ಮತ್ತೆ ಆರ್‌ಆರ್73 ಕೊಡುತ್ತಾರೆ. ಕೊಡದಿದ್ದರೆ, ಅವರು ಸಿಕ್ಯೂಗೆ ಹೋಗಿದ್ದಾರೆಂದರೆ ನಿಮ್ಮ ಆರ್ ಸಿಕ್ಕಿದೆ ಅಂತ ಊಹಿಸಿ ಲಾಗ್ ಮಾಡಿಕೊಳ್ಳಿ. ಸಂಪರ್ಕಗಳನ್ನು ತಾಳೆ ನೋಡುವ ಆನ್‌ಲೈನ್ ದಾಖಲೆ ಎಲ್‌ಓಟಿಡಬ್ಲ್ಯೂನಲ್ಲಿ ಇಬ್ಬರೂ ಏರಿಸಿದ್ದರೆ, ಬ್ಯಾಂಡ್, ಮೋಡ್ ಹೊಂದಿ, ಸಮಯ 30 ನಿಮಿಷದೊಳಗೆ ಇದ್ದರೆ ಮಾತ್ರ ಜೋಡಿ ಕೂಡುವುದು. ಅವರು ಲಾಗ್ ಮಾಡಿರದಿದ್ದರೆ ನಿಮ್ಮ ನಮೂದು ಒಂಟಿಯಾಗಿ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ.

ಜಲಪಾತವೀಕ್ಷಕ

ಇದನ್ನು ನಾನು ಒಪ್ಪಲಾರೆ. ಆರ್ ನಿಮಗೆ ಬಂದಿಲ್ಲ ಅಂದರೆ ಸಂಪರ್ಕ ನಿಮ್ಮ ಕಡೆಯಿಂದ ಅಪೂರ್ಣ. ಅವರು ಬೇಸತ್ತು ಬಿಟ್ಟು ಸಿಕ್ಯೂಗೆ ಹೋಗಿರಬಹುದು, ನಿಮ್ಮ ಆರ್−22 ಅವರಿಗೆ ಬಂದೇ ಇಲ್ಲದಿರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಡೇಟಾಬೇಸ್ ಹೊಂದಿಸಿಕೊಳ್ಳುತ್ತದೆ ಅಂತ ಊಹೆಯನ್ನು ಲಾಗ್‌ಗೆ ಬರೆಯುವುದು ಸರಿಯಲ್ಲ. ಮತ್ತೆ ಮೊದಲಿನಿಂದ ಕರೆದರೆ ಹೋಗುವುದು ಒಂದೂವರೆ ನಿಮಿಷ.

ಐದುವ್ಯಾಟ್

ನಿಮ್ಮ ನಿಲುವು ಶುದ್ಧ, ತಕರಾರಿಲ್ಲ. ಆದರೆ ಪ್ರಸರಣ ಮುಚ್ಚಿಕೊಳ್ಳುತ್ತಿರುವ ಹೊತ್ತಲ್ಲಿ ಆ ಒಂದೂವರೆ ನಿಮಿಷ ಸಿಗುವುದಿಲ್ಲ. ಲಾಗ್‌ನ ಟಿಪ್ಪಣಿಯಲ್ಲಿ "ಕೊನೆಯ ಆರ್ ಇಲ್ಲ" ಅಂತ ಬರೆದುಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಟೆಲಿಪ್ರಿಂಟರ್

ಆರ್‌ಟಿಟಿವೈ ಬಗ್ಗೆ ಕೇಳಿದ್ದೀರಿ. ಇಲ್ಲಿ 73ರದ್ದೇ ಒಂದು ತಮಾಷೆ ಇದೆ. ಬೋಡೋ ಸಂಕೇತದಲ್ಲಿ ಅಕ್ಷರಕ್ಕೆ ಐದೇ ಬಿಟ್. ಅಕ್ಷರ, ಅಂಕಿ ಎರಡಕ್ಕೂ ಜಾಗ ಸಾಲದು, ಆದ್ದರಿಂದ ಒಂದೇ ಸಂಕೇತಕ್ಕೆ ಎರಡು ಮುಖ. ಯಾವ ಮುಖ ಅಂತ ಹೇಳುವುದು ಮುಂಚೆ ಬರುವ ಶಿಫ್ಟ್ ಅಕ್ಷರ. ಗದ್ದಲದಲ್ಲಿ ಆ ಅಂಕಿ-ಶಿಫ್ಟ್ ಒಂದು ಬಿದ್ದುಹೋದರೆ 73 ಬದಲು ಯು, ಇ ಎಂಬ ಎರಡು ಅಕ್ಷರ ಮೂಡುತ್ತವೆ. ಸಿಗ್ನಲ್ ವರದಿಯ 599 ಬದಲು ಟಿ, ಓ, ಓ. ಪರದೆಯಲ್ಲಿ ಇವು ಕಂಡರೆ ಎದುರಿನವರನ್ನು ಮತ್ತೆ ಕೇಳುವ ಅಗತ್ಯವಿಲ್ಲ, ಮನಸ್ಸಲ್ಲೇ ತಿರುಗಿಸಿಕೊಳ್ಳಿ. ಕೀಲಿಮಣೆಯ ಮೇಲಿನ ಸಾಲನ್ನು ನೋಡಿದರೆ ಸಾಕು: ಟಿ ಮೇಲೆ 5, ಯು ಮೇಲೆ 7, ಓ ಮೇಲೆ 9.

ಖಾಲಿ ಜಾಗ ಬಂದಾಗ ತಾನೇ ಅಕ್ಷರಕ್ಕೆ ಮರಳುವ ಯುಎಸ್‌ಓಎಸ್ ಎಂಬ ಆಯ್ಕೆ ಹೆಚ್ಚಿನ ಪ್ರೋಗ್ರಾಂಗಳಲ್ಲಿ ಇದೆ. ಕಳಿಸುವವರು, ಪಡೆಯುವವರು ಇಬ್ಬರೂ ಅದನ್ನು ಚಾಲೂ ಇಟ್ಟಿರಬೇಕು. ಒಬ್ಬರದು ಮಾತ್ರ ಚಾಲೂ ಇದ್ದರೆ ಖಾಲಿ ಜಾಗದ ನಂತರ ಬರುವುದು ಕೆಡಬಹುದು.

ಮ್ಯಾಕ್ರೋ (ಒಂದು ಗುಂಡಿಗೆ ಹೊಂದಿಸಿದ ಸಿದ್ಧ ಸಂದೇಶ) ಬರೆಯುವಾಗ ಶುರುವಿಗೆ ಹೊಸ ಸಾಲು ಹಾಕಿ, ಕೊನೆಗೆ ಒಂದು ಖಾಲಿ ಜಾಗ ಬಿಡಿ. ಇಲ್ಲದಿದ್ದರೆ ಗದ್ದಲದಿಂದ ಹುಟ್ಟಿದ ಕಸದಕ್ಷರ ನಿಮ್ಮ ಕಾಲ್‌ಸೈನ್‌ಗೆ ಅಂಟಿಕೊಂಡು ಕಾಣುತ್ತದೆ, ಅದರ ಮೇಲೆ ಕ್ಲಿಕ್ ಮಾಡಿದವರಿಗೆ ತಪ್ಪು ಕಾಲ್‌ಸೈನ್ ಸಿಗುತ್ತದೆ.

ಸ್ಪರ್ಧೆಯಲ್ಲಿ 73 ಹಾಕಬೇಡಿ. 45.45 ಬೋಡ್ ವೇಗದಲ್ಲಿ ಒಂದು ಅಕ್ಷರಕ್ಕೆ 165 ಮಿಲಿಸೆಕೆಂಡ್. ಶಿಫ್ಟ್, 7, 3, ಮತ್ತೆ ಶಿಫ್ಟ್, ಒಟ್ಟು 660 ಮಿಲಿಸೆಕೆಂಡ್. ಒಂದು ಸಂಪರ್ಕಕ್ಕೆ ಅದು ಏನೂ ಅಲ್ಲ, ಆದರೆ ಸಾಲುಗಟ್ಟಿ ಕಾದವರಿಗೆ ಹಾಗೆ ಅನ್ನಿಸುವುದಿಲ್ಲ. ಟಿಯು (ಧನ್ಯವಾದ), ನಿಮ್ಮ ಕಾಲ್‌ಸೈನ್, ಸಿಕ್ಯೂ. ಮುಗಿಯಿತು. ಆ ಸಿಕ್ಯೂ ಬಹಳ ಮುಖ್ಯ, ಮುಂದಿನವರು ಈಗ ಕರೆಯಬಹುದು ಅಂತ ಅದರಿಂದಲೇ ತಿಳಿಯುವುದು.

ಕೀಲಿಮಣೆ

ಪಿಎಸ್‌ಕೆ31 ಪೂರಾ ಬೇರೆ ಲೋಕ. ಅಲ್ಲಿ ಸರದಿ ಇಲ್ಲ, ಗಡಿಯಾರ ಇಲ್ಲ, ಕೈಯಲ್ಲಿ ಟೈಪ್ ಮಾಡಿ ಹರಟುವುದು. ಮೋರ್ಸ್‌ನಿಂದ ಬಂದ ವಿದಾಯದ ಸಂಕೇತಗಳಿಗೆ ಇಲ್ಲಿ ಇನ್ನೂ ಕೆಲಸ ಇದೆ, ಯಾಕೆಂದರೆ ನೀವು ಟೈಪ್ ಮಾಡುವುದನ್ನು ನಿಲ್ಲಿಸಿದಿರಾ, ಯೋಚಿಸುತ್ತಿದ್ದೀರಾ, ಮುಗಿಸಿದಿರಾ ಅಂತ ಎದುರಿನವರಿಗೆ ಬೇರೆ ಯಾವ ದಾರಿಯಿಂದಲೂ ಗೊತ್ತಾಗುವುದಿಲ್ಲ.

ಬಿಟಿಯು: ಮಾತು ನಿಮಗೆ ಬಿಟ್ಟೆ.
ಕೆ: ಯಾರು ಬೇಕಾದರೂ ಬರಬಹುದು. ಸಿಕ್ಯೂ ಕೊನೆಯಲ್ಲಿ ಇದನ್ನೇ ಹಾಕಬೇಕು.
ಕೆಎನ್: ಹೆಸರಿಸಿದವರು ಮಾತ್ರ ಬರಲಿ. ಇದನ್ನು ಸಿಕ್ಯೂ ಕೊನೆಗೆ ಹಾಕುವವರೂ ಇದ್ದಾರೆ, ಅದು ಬಾಗಿಲು ತೆರೆದು ಚಿಲಕ ಹಾಕಿದಂತಾಯಿತು.
ಎಸ್‌ಕೆ: ಈ ಸಂಪರ್ಕ ನನ್ನ ಕಡೆಯಿಂದ ಮುಗಿಯಿತು.
ಸಿಎಲ್: ಸ್ಟೇಷನ್ನೇ ಮುಚ್ಚುತ್ತಿದ್ದೇನೆ, ಇನ್ನು ಕರೆಯಬೇಡಿ.

ಎಸ್‌ಕೆ ಮತ್ತು ಕೆಎನ್ ಬೆರೆಸುವುದು ಸಾಮಾನ್ಯ ತಪ್ಪು. ಕೊನೆಯ ಮಾತು ನಿಮ್ಮದಾದರೆ ಬರೀ ಎಸ್‌ಕೆ. ಎದುರಿನವರ ಕೊನೆಯ ಮಾತಿಗೆ ಕಾಯುವುದಿದ್ದರೆ ಎಸ್‌ಕೆ ನಂತರ ಕೆಎನ್ ಹಾಕುವುದುಂಟು. ಅವರೂ ಎಸ್‌ಕೆ ಕೊಟ್ಟಾಗ ನಿಲ್ಲಿಸಿ. ಹೊರಗಿನಿಂದ ಇನ್ನೊಬ್ಬರನ್ನು ಕರೆಯಲು ಕಾದಿರುವವರು ಎರಡೂ ಕಡೆಯ ಎಸ್‌ಕೆ ನೋಡಿದ ಮೇಲಷ್ಟೇ ಬರಬೇಕು.

ದಪ್ಪಕ್ಷರದಲ್ಲಿ, ಅಂದರೆ ಕ್ಯಾಪಿಟಲ್‌ನಲ್ಲಿ, ಇಡೀ ಸಂದೇಶ ಟೈಪ್ ಮಾಡಬೇಡಿ. ಅದು ಕೂಗಿದಂತೆ ಅನ್ನುವ ಕಾರಣಕ್ಕಲ್ಲ. ಪಿಎಸ್‌ಕೆ31ರ ಅಕ್ಷರಸಂಕೇತವಾದ ವೇರಿಕೋಡ್‌ನಲ್ಲಿ ಸಣ್ಣಕ್ಷರಗಳಿಗೆ ಗಿಡ್ಡ ಸಂಕೇತ, ದೊಡ್ಡಕ್ಷರಗಳಿಗೆ ಉದ್ದ. ಸಣ್ಣ ಇ ಬರೀ 11. ದೊಡ್ಡ ಇ 1110111. ಅಕ್ಷರಗಳ ನಡುವಿನ ಎರಡು ಸೊನ್ನೆ ಸೇರಿಸಿದರೆ ಒಂದು 4 ಬಿಟ್, ಇನ್ನೊಂದು 9 ಬಿಟ್. 31.25 ಬೋಡ್‌ನಲ್ಲಿ ಮೊದಲನೆಯದಕ್ಕೆ 128 ಮಿಲಿಸೆಕೆಂಡ್, ಎರಡನೆಯದಕ್ಕೆ 288. ಕಾಲ್‌ಸೈನ್ ಬೇಕಾದರೆ ದೊಡ್ಡಕ್ಷರದಲ್ಲಿರಲಿ, ಉಳಿದದ್ದು ಸಣ್ಣದರಲ್ಲಿ.

ಮ್ಯಾಕ್ರೋ ಬಗ್ಗೆ ಖಾರವಾಗಿಯೇ ಹೇಳುತ್ತೇನೆ. ರೇಡಿಯೋ ಮಾದರಿ, ಆಂಟೆನಾ, ಕಂಪ್ಯೂಟರ್‌ನ ರ್‍ಯಾಮ್, ಸಂಘಗಳ ಸದಸ್ಯತ್ವ ಸಂಖ್ಯೆಗಳು, ಇವನ್ನೆಲ್ಲ ಒಂದೇ ಗುಂಡಿಗೆ ತುಂಬಿ ಎರಡು ನಿಮಿಷ ಸುರಿಯುವವರಿಗೆ ಓದುವವರ ಮೇಲೆ ಕರುಣೆಯಿಲ್ಲ. ಎದುರಿನವರು ಪ್ರಶ್ನೆ ಕೇಳಿದ್ದರೆ ಕೈಯಿಂದ ಒಂದು ಸಾಲು ಉತ್ತರ ಟೈಪ್ ಮಾಡಿ, ಆಮೇಲೆ ವಿದಾಯದ ಮ್ಯಾಕ್ರೋ ಒತ್ತಿ. ವಿದಾಯಕ್ಕೆ ಬೇಕಾದ್ದು ಇಷ್ಟೇ: ಧನ್ಯವಾದ, 73, ಅವರ ಕಾಲ್‌ಸೈನ್, ಡಿಇ (ಇವರಿಂದ), ನಿಮ್ಮ ಕಾಲ್‌ಸೈನ್, ಎಸ್‌ಕೆ.

ಅಯಾನಗೋಳ

ಪಿಎಸ್‌ಕೆಯಲ್ಲಿ ಮರೆಯಬಾರದ್ದು ಇನ್ನೊಂದು. ಎದುರಿನವರ ಸಿಗ್ನಲ್‌ಗೆ ಅಕ್ಕಪಕ್ಕ ಜೋಡಿ ಗೆರೆಗಳು ಮೂಡಿದ್ದರೆ ವರದಿಯಲ್ಲಿ ಹೇಳಿ, 599 ಅಂತ ಸುಮ್ಮನೆ ಕೊಡಬೇಡಿ. ಡಿಜಿಟಲ್‌ಗೆ ಆರ್‌ಎಸ್‌ಟಿ (ಸ್ಪಷ್ಟತೆ, ಬಲ, ಸ್ವರ) ವರದಿಯ ಬದಲು ಆರ್‌ಎಸ್‌ಕ್ಯೂ (ಸ್ಪಷ್ಟತೆ, ಬಲ, ಗುಣಮಟ್ಟ) ಇದೆ, ಅದರ ಮೂರನೇ ಅಂಕಿ ಇದನ್ನೇ ಹೇಳುವುದಕ್ಕೆ. ಅವರು ಏನೂ ಟೈಪ್ ಮಾಡದೇ ಇರುವ ಕ್ಷಣದಲ್ಲಿ ಐಎಂಡಿ (ಸಿಗ್ನಲ್ ಎಷ್ಟು ವಿಕಾರಗೊಂಡಿದೆ ಎಂಬ ಅಳತೆ) ನೋಡಿ: −25 ಡೆಸಿಬೆಲ್ ಅಥವಾ ಇನ್ನೂ ಕೆಳಗಿದ್ದರೆ ಚೆನ್ನ, −20ಕ್ಕಿಂತ ಮೇಲೆ ಬಂದರೆ ಆಡಿಯೋ ಹೆಚ್ಚಾಗಿದೆ. ಪರಿಹಾರ ಸುಲಭ: ರಿಗ್‌ನ, ಅಂದರೆ ರೇಡಿಯೋದ, ಎಎಲ್‌ಸಿ (ಮಟ್ಟ ಹೆಚ್ಚಾದರೆ ತಾನೇ ತಡೆಯುವ ವ್ಯವಸ್ಥೆ) ಮಾಪಕ ಅಲುಗಾಡದಷ್ಟು ಸೌಂಡ್‌ಕಾರ್ಡ್ ಮಟ್ಟ ಇಳಿಸಬೇಕು.

ಎಫ್‌ಟಿ8ಕ್ಕೂ ಇದೇ ರೋಗ. ಅಲ್ಲಿ ಹೆಚ್ಚುವರಿ ಮದ್ದು ಒಂದಿದೆ: ಸೆಟ್ಟಿಂಗ್ಸ್‌ನ ರೇಡಿಯೋ ಪುಟದಲ್ಲಿ ಸ್ಪ್ಲಿಟ್ ಆಪರೇಷನ್ ಅನ್ನು ರಿಗ್ ಅಥವಾ ಫೇಕ್ ಇಟ್‌ಗೆ ಹಾಕಿ. ಆಗ ಪ್ರಸಾರದ ಆಡಿಯೋ ಯಾವಾಗಲೂ 1500–2000 ಹರ್ಟ್ಜ್ ನಡುವೆ ಇರುತ್ತದೆ, ಅದರ ದುಪ್ಪಟ್ಟು 3000ದ ಆಚೆ ಬಿದ್ದು ರಿಗ್‌ನ ಫಿಲ್ಟರ್‌ನಲ್ಲೇ ಸಾಯುತ್ತದೆ. ಹಾಕದಿದ್ದರೆ 600ರಲ್ಲಿ ಕೂಗುವವರು 1200ರಲ್ಲೂ 1800ರಲ್ಲೂ ಕಾಣಿಸಿಕೊಳ್ಳುತ್ತಾರೆ.

ಕಿರುತರಂಗ

ಟಿಎಕ್ಸ್5ರಲ್ಲಿ, ಅಂದರೆ 73 ಹೋಗುವ ಸಂದೇಶದಲ್ಲಿ, ಸ್ವಂತ ಮಾತು ಹಾಕುವುದು ಸರಿಯಾ? ಕೆಲವರು ಪವರ್, ಆಂಟೆನಾ ಎಲ್ಲ ಬರೆಯುತ್ತಾರೆ.

ಜಲಪಾತವೀಕ್ಷಕ

ಹಾಕಬಹುದು, 13 ಅಕ್ಷರದ ಮಿತಿಯಲ್ಲಿ, ಖಾಲಿ ಜಾಗವೂ ಸೇರಿ. ಇಂಗ್ಲಿಷ್ ಅಕ್ಷರ, ಅಂಕಿ, ಜೊತೆಗೆ ಕೂಡು, ಕಳೆ, ಚುಕ್ಕಿ, ಓರೆಗೆರೆ, ಪ್ರಶ್ನಾರ್ಥಕ ಇಷ್ಟಕ್ಕೇ ಅವಕಾಶ. ಆಶ್ಚರ್ಯಸೂಚಕ ಇಲ್ಲ, ಅಲ್ಪವಿರಾಮ ಇಲ್ಲ. ಟಿಎನ್‌ಎಕ್ಸ್ (ಧನ್ಯವಾದ), 5ಡಬ್ಲ್ಯೂ (5 ವ್ಯಾಟ್), ಇಎಫ್‌ಎಚ್‌ಡಬ್ಲ್ಯೂ (ಒಂದು ಬಗೆಯ ಆಂಟೆನಾ), 73 — ಇದನ್ನು ಇಂಗ್ಲಿಷ್‌ನಲ್ಲಿ ನಡುವೆ ಜಾಗ ಬಿಟ್ಟು ಬರೆದರೆ 14 ಆಗುತ್ತದೆ. 13ರ ಆಚೆ ಹೋಗುವುದಿಲ್ಲವಾದ್ದರಿಂದ ಎದುರಿನವರಿಗೆ ಕೊನೆಯಲ್ಲಿ ಕಾಣುವುದು ಬರೀ 7. ಟಿಎನ್‌ಎಕ್ಸ್ ಬದಲು ಟಿಯು ಮಾಡಿ, ಸರಿಯಾಗಿ 13.

ಎರಡು ಎಚ್ಚರಿಕೆ. ಒಂದು, ಇಂಥ ಸಂದೇಶದಲ್ಲಿ ಯಾರ ಕಾಲ್‌ಸೈನೂ ಇರುವುದಿಲ್ಲ. ಆದ್ದರಿಂದ 5ನೇ ಸಾಲು ಡಿಕೋಡ್ ಆಗದಿರುವಾಗ ಇದನ್ನು ಬಳಸಲೇಬಾರದು, ಯಾರಿಗೆ ಹೇಳಿದ್ದು ಅಂತ ತಿಳಿಯುವುದಿಲ್ಲ. ಎರಡು, ಕಾಲ್‌ಸೈನ್ ಹೇಳುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪ್ರತಿ 10 ನಿಮಿಷಕ್ಕೊಮ್ಮೆ ಮತ್ತು ಸಂಪರ್ಕದ ಕೊನೆಗೂ ಕಡ್ಡಾಯ. ಕೊನೆಯ ಪ್ರಸಾರವೇ ಕಾಲ್‌ಸೈನ್ ಇಲ್ಲದ್ದಾದರೆ ನಿಯಮ ಮುರಿದಂತೆ. ಸಾಮಾನ್ಯ 73ರಲ್ಲಿ ಎರಡೂ ಕಾಲ್‌ಸೈನ್ ಇರುತ್ತವೆ, ಈ ತಲೆನೋವೇ ಇಲ್ಲ.

ಟೆಲಿಪ್ರಿಂಟರ್

ಬೇರೆ ಸಂಖ್ಯೆಗಳನ್ನೂ ಹೇಳಿಬಿಡುತ್ತೇನೆ. 88 ಪ್ರೀತಿಯದ್ದು, ಗುರುತಿಲ್ಲದವರಿಗೆ ಹಾಕಬೇಡಿ. 72 ಕಡಿಮೆ ಪವರ್‌ನವರದು. 44 ವನ್ಯಧಾಮ, ಉದ್ಯಾನಗಳಿಂದ ಕೆಲಸ ಮಾಡುವ ಡಬ್ಲ್ಯೂಡಬ್ಲ್ಯೂಎಫ್‌ಎಫ್ ಬಳಗದ್ದು. 33 ಮಹಿಳಾ ಆಪರೇಟರುಗಳ ನಡುವಿನದು. 73 ಮಾತ್ರ 1859ರ ವೆಸ್ಟರ್ನ್ ಯೂನಿಯನ್ ತಂತಿ ಸಂಕೇತಗಳ ಕಾಲದ್ದು. ಎಫ್‌ಟಿ8ರಲ್ಲಿ ಇವುಗಳ ಪೈಕಿ ಸಿದ್ಧ ಸಂಕೇತ ಇರುವುದು 73ಕ್ಕೆ ಮಾತ್ರ. 72 ಹಾಕಬೇಕೆಂದರೆ ಸ್ವಂತ ಮಾತಾಗಿಯೇ ಹೋಗಬೇಕು, ಎದುರಿನ ಪ್ರೋಗ್ರಾಂ ಅದನ್ನು ವಿದಾಯ ಎಂದು ಗುರುತಿಸದೆ ತನ್ನ ಆರ್‌ಆರ್‌ಆರ್ ಮುಂದುವರಿಸಬಹುದು.

ಅಯಾನಗೋಳ

ಆರ್‌ಆರ್73ರ ಇನ್ನೊಂದು ಮುಖ: ಅದು ಮೈಡನ್‌ಹೆಡ್ ಗ್ರಿಡ್ ಚೌಕವೂ ಹೌದು, 83 ಡಿಗ್ರಿ ಉತ್ತರ, 174 ಡಿಗ್ರಿ ಪೂರ್ವದಿಂದ ಶುರು, ಆರ್ಕ್ಟಿಕ್ ಸಾಗರದ ನಡುವೆ. ಲಾಗ್‌ನ ಗ್ರಿಡ್ ಕಾಲಂನಲ್ಲಿ ಆರ್‌ಆರ್73 ಕಂಡರೆ ಯಾರೂ ಹಿಮಗಡ್ಡೆ ಮೇಲೆ ಕೂತಿಲ್ಲ, ಪ್ರೋಗ್ರಾಂ ವಿದಾಯವನ್ನು ವಿಳಾಸ ಅಂದುಕೊಂಡಿದೆ. ಏರಿಸುವ ಮುಂಚೆ ಅಳಿಸಿ.

ದೂರದ ದ್ವೀಪಯಾತ್ರೆಗಳ ಫಾಕ್ಸ್-ಹೌಂಡ್ ಕ್ರಮವೂ ಬೇರೆಯೇ. ಯಾತ್ರೆಯ ಸ್ಟೇಷನ್ ಫಾಕ್ಸ್, ಅದನ್ನು ಕರೆಯುವವರು ಹೌಂಡ್. ಫಾಕ್ಸ್ ಒಂದೇ ಸಲಕ್ಕೆ 5ರವರೆಗೆ ಸಿಗ್ನಲ್ ಕಳಿಸಬಲ್ಲದು, 60 ಹರ್ಟ್ಜ್ ಅಂತರದಲ್ಲಿ. ಹೌಂಡ್ ಕರೆಯಬೇಕಾದ್ದು 1000 ಹರ್ಟ್ಜ್‌ಗಿಂತ ಮೇಲೆ. ವರದಿ ಬಂದರೆ ಹೌಂಡ್‌ನ ಆರ್ ಇರುವ ಉತ್ತರ ತಾನೇ ಫಾಕ್ಸ್‌ನ ಆವರ್ತನಕ್ಕೆ ಜಿಗಿಯುತ್ತದೆ. ಫಾಕ್ಸ್ ಆರ್‌ಆರ್73 ಕೊಟ್ಟಿತೆಂದರೆ ಮುಗಿಯಿತು, ಹೌಂಡ್ 73 ಕಳಿಸುವಂತಿಲ್ಲ. ಒಂದೇ ಸಾಲಿನಲ್ಲಿ ಒಬ್ಬರಿಗೆ ಆರ್‌ಆರ್73, ಅರ್ಧವಿರಾಮದ ನಂತರ ಇನ್ನೊಬ್ಬರಿಗೆ ವರದಿ ಬರುತ್ತದೆ. ಆರ್‌ಆರ್73 ಅನ್ವಯಿಸುವುದು ಅದರ ಎಡಗಡೆಯ ಕಾಲ್‌ಸೈನ್‌ಗೆ. ಅವಸರದಲ್ಲಿ ಓದಿ ತಪ್ಪು ಲಾಗ್ ಮಾಡಬೇಡಿ. ಈ ಕ್ರಮವನ್ನು 14.074 ಮೆಗಾಹರ್ಟ್ಜ್‌ನಂಥ ಸಾಮಾನ್ಯ ಎಫ್‌ಟಿ8 ಆವರ್ತನಗಳಲ್ಲಿ ನಡೆಸಬಾರದು.

ಕಿರುತರಂಗ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: −8 ವರದಿ ಇದ್ದರೂ ಕೊನೆಯ ಹಂತದಲ್ಲೇ ಪದೇಪದೇ ಸಿಕ್ಕಿಕೊಳ್ಳುತ್ತದೆ, ಅವರು ಆರ್ ಕಳಿಸುತ್ತಲೇ ಇರುತ್ತಾರೆ. ಸಿಗ್ನಲ್ ಚೆನ್ನಾಗಿದ್ದರೂ ಯಾಕೆ ಹೀಗೆ?

ಐದುವ್ಯಾಟ್

ಮೂರು ಕಡೆ ನೋಡಿ. ಮೊದಲು ಗಡಿಯಾರ. ಡಿಟಿ (ಸೆಕೆಂಡ್‌ನಲ್ಲಿ ಸಮಯದ ವ್ಯತ್ಯಾಸ) ಕಾಲಂನಲ್ಲಿ ಎಲ್ಲರದ್ದೂ +1.2 ಆಸುಪಾಸು ಇದ್ದರೆ ಅವರೆಲ್ಲ ತಡವಲ್ಲ, ನಿಮ್ಮ ಕಂಪ್ಯೂಟರ್ ಅಷ್ಟು ಮುಂದಿದೆ. ಗಡಿಯಾರ ಸರಿಪಡಿಸುವ ಎನ್‌ಟಿಪಿ ಪ್ರೋಗ್ರಾಂ ಹಾಕಿ ಸೊನ್ನೆಯ ಹತ್ತಿರ ತನ್ನಿ.

ಎರಡನೆಯದು, ನೀವು ಕೂತಿರುವ ಜಾಗ. ಸಿಕ್ಯೂ ಕೂಗುವ ನಿಮ್ಮ ಆವರ್ತನದಲ್ಲಿ ಇನ್ನೊಬ್ಬರು ಅದೇ ಸರದಿಯಲ್ಲಿ ಕೂತಿರಬಹುದು. ನೀವೂ ಅದೇ ಹೊತ್ತಲ್ಲಿ ಪ್ರಸಾರ ಮಾಡುತ್ತಿರುವುದರಿಂದ ಅವರು ನಿಮ್ಮ ಜಲಪಾತದಲ್ಲಿ ಕಾಣುವುದೇ ಇಲ್ಲ. ನಾಲ್ಕೈದು ಸಿಕ್ಯೂ ಆದ ಮೇಲೆ ಒಂದು ಸರದಿ ಸುಮ್ಮನಿದ್ದು, ನಿಮ್ಮದೇ ಸರದಿಯ ಜಲಪಾತ ನೋಡಿ. ಸುಮಾರು 50 ಹರ್ಟ್ಜ್ ಅಗಲದ ಖಾಲಿ ಜಾಗ ಸಿಕ್ಕಲ್ಲಿ ಪ್ರಸಾರದ ಗುರುತನ್ನು ಇಟ್ಟು ಹೋಲ್ಡ್ ಟಿಎಕ್ಸ್ ಫ್ರೀಕ್ವೆನ್ಸಿಗೆ ಟಿಕ್ ಹಾಕಿ.

ಮೂರನೆಯದು, ನಿಮ್ಮನ್ನು ಕರೆಯುವವರು. ಇಬ್ಬರು ಮೂವರು ನಿಮ್ಮ ಆವರ್ತನದ ಮೇಲೆಯೇ ಕರೆಯುತ್ತಿದ್ದರೆ ಅವರೊಳಗೇ ಡಿಕ್ಕಿ. ಅದು ನಿಮ್ಮ ಕೈಲಿಲ್ಲ, ಆದರೆ ನೀವು ಇನ್ನೊಬ್ಬರನ್ನು ಕರೆಯುವಾಗ ಅವರ ಆವರ್ತನ ಬಿಟ್ಟು ಪಕ್ಕದ ಖಾಲಿ ಜಾಗದಿಂದ ಕರೆಯುವುದು ನಿಮ್ಮ ಕೈಲಿದೆ. ಅವರ ಪ್ರೋಗ್ರಾಂ ಇಡೀ 3 ಕಿಲೋಹರ್ಟ್ಜ್ ಡಿಕೋಡ್ ಮಾಡುತ್ತದೆ, ಮೈಮೇಲೆ ಬೀಳಬೇಕಿಲ್ಲ.